ಮೊದಲ ಮೀಟಿಂಗಿಗೆ ಹೋಗುವ ಮುಂಚೆ

ಚಿ. ರವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕುಡಿತ ಬಿಡಲು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಒಬ್ಬರಿಗೊಬ್ಬರು ನೆರವಾಗುವ ಗುಂಪು) ಮೀಟಿಂಗಿಗೆ ಹೋಗುತ್ತೇನೆ ಅಂದೆಯಂತೆ, ಸವಿತಾ ಹೇಳಿದಳು. ಬುದ್ಧಿವಾದ ನಿನಗೆ ಈಗಾಗಲೇ ಬೇಕಾದಷ್ಟು ಸಿಕ್ಕಿರುತ್ತದೆ. ಕೆಲಸಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ಗುಂಪಿಗಿಂತ ಮುಂಚೆ ಡಾಕ್ಟರ ಹತ್ತಿರ ಹೋಗು. ಬೆಳಗ್ಗೆ ಎದ್ದಾಗ ಕೈ ನಡುಗಿ, ಒಂದು ಕ್ವಾರ್ಟರ್ ಇಳಿದ ಮೇಲೆ ನಡುಕ ನಿಲ್ಲುತ್ತಿದ್ದರೆ, ನಾಳೆಯಿಂದ ಮುಟ್ಟುವುದೇ ಇಲ್ಲ ಎಂಬ ಹಟವನ್ನು ಮನೆಯಲ್ಲಿ ಒಬ್ಬನೇ ಹಿಡಿಯಬೇಡ. ಕುಡಿತ ನಿಂತ ಆರೆಂಟು ಗಂಟೆಗೆ ನಡುಕ, ಬೆವರು ಶುರುವಾಗುತ್ತವೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ ಹುಳ-ಹುಪ್ಪಟೆ ಕಾಣುತ್ತವೆ, ಎಲ್ಲಿದ್ದೇನೆಂಬ ಗುರುತು ತಪ್ಪುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಜಿಲ್ಲಾಸ್ಪತ್ರೆಯ ಮನೋವೈದ್ಯರಾದರೂ ಸರಿ. ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ, ಜೊತೆಗೆ ಥಯಾಮಿನ್ ಎಂಬ ವಿಟಮಿನ್ ಕೊಡುತ್ತಾರೆ. ಅದು ಕೆಲವೇ ದಿನದ ಚಿಕಿತ್ಸೆ. ಗುಂಪು ಬೇಕಾಗುವುದು ಅದಾದ ಮೇಲೆ, ಮೈ ಸರಿಯಾಗಿ ಸಂಜೆ ಮಾತ್ರ ಹಾಗೇ ಉಳಿದಾಗ.

ಗುಂಪು ಹುಡುಕುವಾಗ ಸಮಯ ನೋಡು. ಕೆಲಸ ಬಿಟ್ಟು ಬಾರ್ ಕಡೆ ಕಾಲು ತಿರುಗುವ ಹೊತ್ತಿಗೇ ಮೀಟಿಂಗ್ ಇದ್ದರೆ ಅರ್ಧ ಕೆಲಸ ಆದಂತೆ. ಎಎ ಇಂಡಿಯಾ ವೆಬ್‌ಸೈಟಿನಲ್ಲಿ ಊರು, ವಾರ, ವೇಳೆ ಇರುತ್ತವೆ. ಆದರೆ ಗುಂಪುಗಳು ಕೋಣೆ ಬದಲಿಸುತ್ತಿರುತ್ತವೆ, ಪಟ್ಟಿ ಹಳೆಯದಾಗಿರುತ್ತದೆ. ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಹೊರಟವನು ಮನೆಗೇ ಹೋಗುತ್ತಾನೆ ಅನ್ನುವ ನಂಬಿಕೆ ನನಗಿಲ್ಲ; ಮೊದಲೇ ಫೋನ್ ಮಾಡು. ಯಾವ ಭಾಷೆಯಲ್ಲಿ ನಡೆಯುತ್ತದೆ, ಓಪನ್ ಮೀಟಿಂಗೋ ಕ್ಲೋಸ್ಡೋ ಕೇಳು. ಓಪನ್‌ಗೆ ಸವಿತಾನೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ. ಎಲ್ಲೂ ಸಿಗದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಹಳ್ಳಿ ಕಡೆ ಎಎ ಇಲ್ಲದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ನಡೆಯುತ್ತದೆ; ಶಿಬಿರ ಮುಗಿಸಿದವರು ಆಮೇಲೆ ನವಜೀವನ ಸಮಿತಿಯಲ್ಲಿ ಸೇರುತ್ತಾರೆ.

ಜಾಗ ಚರ್ಚಿನ ಹಾಲೋ ಶಾಲೆಯ ಕೋಣೆಯೋ ಆಗಿರಬಹುದು. ಮತಾಂತರ ಅದೂ ಇದೂ ಅಂತ ಯಾರಾದರೂ ತಲೆ ತಿಂದರೆ ಕಿವಿಗೆ ಹಾಕಿಕೊಳ್ಳಬೇಡ. ಕೋಣೆ ಬಾಡಿಗೆಗೆ ಸಿಕ್ಕಿದೆ, ಅಷ್ಟೆ. ಪ್ರಾರ್ಥನೆಯಲ್ಲಿ ದೇವರ ಹೆಸರು ಬರುತ್ತದೆ, ಯಾವ ದೇವರು ಅಂತ ಯಾರೂ ಕೇಳುವುದಿಲ್ಲ.

ಒಳಗೆ ಒಂದು, ಒಂದೂವರೆ ಗಂಟೆ. ಹಾಜರಿ ಪುಸ್ತಕ ಇಲ್ಲ, ಫೀಸ್ ಇಲ್ಲ, ಇನಿಷಿಯಲ್ ಕೂಡ ಬೇಡ. ನಿನ್ನ ಸರದಿ ಬಂದಾಗ "ನಾನು ರವಿ, ಇವತ್ತು ಕೇಳೋಕೆ ಬಂದಿದ್ದೀನಿ" ಅಂದರೆ ಸಾಕು. ಮಾತಾಡಿದರೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ, ಸಲಹೆಯನ್ನೂ ಕೊಡುವುದಿಲ್ಲ. ಹೊಸಬರಿಗೆ ಇದು ಉದಾಸೀನ ಅನ್ನಿಸಬಹುದು. ಅಲ್ಲ, ಅಲ್ಲಿಯ ಪದ್ಧತಿಯೇ ಅದು. ವಂತಿಗೆಯ ಚೀಲ ಸುತ್ತಿ ಬಂದಾಗ ಹತ್ತೋ ಇಪ್ಪತ್ತೋ ಹಾಕು, ಇಲ್ಲದಿದ್ದರೆ ಪಕ್ಕದವರಿಗೆ ದಾಟಿಸು.

ಬಹಳ ಜನ ತಪ್ಪುವುದು ಮೀಟಿಂಗ್ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಡುವುದರಲ್ಲಿ. ಟೀ ಕುಡಿಯುತ್ತಾ ನಿಲ್ಲು. ಇಬ್ಬರು ಮೂವರ ನಂಬರ್ ತಗೊಂಡು ಅವತ್ತೇ ಒಂದು ಸಲ ಫೋನ್ ಮಾಡು. ಕುಡಿಯಬೇಕೆಂಬ ಚಡಪಡಿಕೆ ಬಂದಾಗ ಅಪರಿಚಿತರ ನಂಬರ್ ಒತ್ತಲು ಬೆರಳು ಬರುವುದಿಲ್ಲ, ಮೊದಲೇ ಮಾತಾಡಿದವರಾದರೆ ಬರುತ್ತದೆ. ಆ ಚಡಪಡಿಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಅಷ್ಟು ಹೊತ್ತು ಮಾತು ಎಳೆದರೆ ಆಯಿತು. ಮುಂದೆ ಅವರಲ್ಲೇ ಒಬ್ಬ ಹಳಬರನ್ನು ಸ್ಪಾನ್ಸರ್ ಆಗಲು ಕೇಳು. ಸಾಲ ಕೊಡುವವರಲ್ಲ, ನಿನ್ನ ನೆಪಗಳನ್ನೆಲ್ಲ ತಾವೇ ಹಿಂದೆ ಹೇಳಿ ಬಂದವರು.

"ಅವನು ಕೆಲಸ ಕಳಕೊಂಡವನು, ನಾನು ಅಷ್ಟು ಕೆಟ್ಟಿಲ್ಲ" ಎಂಬ ಲೆಕ್ಕ ತಲೆಯಲ್ಲಿ ಶುರುವಾಗುತ್ತದೆ, ಆಗಲಿ. ಒಂದೇ ಮೀಟಿಂಗಿಗೆ ಹೋಗಿ ತೀರ್ಮಾನ ಮಾಡಬೇಡ. ಒಂದೊಂದು ಗುಂಪಿನ ಹದ ಒಂದೊಂದು. ಮೂರ್ನಾಲ್ಕು ಕಡೆ ಕೂತು ನೋಡಿ ಒಂದನ್ನು ಹಿಡಿ. ಮೊದಲ 90 ದಿನ 90 ಮೀಟಿಂಗ್ ಅಂತ ಹಳಬರು ಹೇಳುವುದುಂಟು. ಊರಲ್ಲಿ ವಾರಕ್ಕೆ ಎರಡೇ ಇದ್ದರೆ ಉಳಿದ ದಿನ ಆನ್‌ಲೈನ್ ಮೀಟಿಂಗ್ ಸೇರು. ಮದುವೆ ಮನೆಯಲ್ಲೋ ಬಾಡೂಟದಲ್ಲೋ ಜಾರಿ ಕುಡಿದರೆ, ನಾಚಿಕೆಯಿಂದ ಎರಡು ವಾರ ತಪ್ಪಿಸಬೇಡ, ಮಾರನೆ ದಿನವೇ ಹೋಗಿ ಹೇಳು. ಅಲ್ಲಿ ಇದು ಯಾರಿಗೂ ಹೊಸ ಸುದ್ದಿಯಲ್ಲ.

ಸವಿತಾಗೆ ಎರಡು ಮಾತು. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಗುಂಪಿದೆ, ನೀನು ಹೋದರೂ ಹೋಗದಿದ್ದರೂ ಅವಳು ಹೋಗಲಿ. ಇನ್ನೊಂದು, ಯಾರದೋ ಮಾತು ಕೇಳಿ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಸಾರಿನಲ್ಲಿ ಕದ್ದು ಬೆರೆಸುವುದು ಖಂಡಿತಾ ಬೇಡ. ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಎದೆ ಡವಗುಟ್ಟಿ, ಬಿಪಿ ಬಿದ್ದು ಅನಾಹುತ ಆಗುತ್ತದೆ. ನಿಲ್ಲಿಸಿದ ಎರಡು ವಾರದವರೆಗೂ ಅದರ ಕೆಲಸ ನಡೆಯುತ್ತಿರಬಹುದು. ಕೊಡುವುದಾದರೆ ಡಾಕ್ಟರು ಕೊಡಲಿ, ನಿನಗೆ ಗೊತ್ತಿದ್ದು ಕೊಡಲಿ.

ಇಂತಿ,
ನಿನ್ನ ದೊಡ್ಡಮ್ಮ