ಹಿತ್ತಲಿಗೆ ಸಿಮೆಂಟ್ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತುಹೋಯಿತು. ನೀನು ಅಳುತ್ತಿದ್ದೆ, ನನಗೂ ಗಂಟಲು ಕಟ್ಟಿತ್ತು. ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಪ್ಲಾಸ್ಟರ್ ಇರುವುದು ಎಡಗೈಗೆ, ಬಲಗೈ ಚೆನ್ನಾಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿ ಟೈಲ್ಸ್ ಕೂರಿಸೋಣ, ದುಡ್ಡು ಕಳಿಸ್ತೀನಿ, ಇನ್ನು ಗಿಡದ ಸಹವಾಸ ಸಾಕು ಅಂದೆ. ನಾನು ಬಿದ್ದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ ಅನ್ನೋದು ನಿನ್ನ ಎದೆಯಲ್ಲಿ ಕೂತುಬಿಟ್ಟಿದೆ, ಗೊತ್ತು. ಆದರೆ ಎಲ್ಲಿ ಬಿದ್ದೆ ಅಂತ ನೀನು ಕೇಳಲೇ ಇಲ್ಲ. ಮಣ್ಣಿನಲ್ಲಿ ಬೀಳಲಿಲ್ಲ ಪುಟ್ಟಿ. ಒಗೆಯುವ ಕಲ್ಲಿನ ಪಕ್ಕ ನಾಲ್ಕಡಿ ಸಿಮೆಂಟ್ ಜಾಗ ಇದೆಯಲ್ಲ, ಅಲ್ಲಿ ಮಳೆಗೆ ಪಾಚಿ ಕಟ್ಟಿತ್ತು, ಜಾರಿದೆ. ಮಣ್ಣು ನೀರು ಕುಡಿಯುತ್ತದೆ. ಸಿಮೆಂಟ್ ಮೇಲೆ ನೀರು ನಿಲ್ಲುತ್ತದೆ. ಬೀಳಿಸಿದ್ದನ್ನೇ ಹಿತ್ತಲ ತುಂಬ ಹಾಕಿಸುವುದಾ?

ಅಪ್ಪ ಇದ್ದಾಗಿನ ಕತೆಯೆಲ್ಲ ನಿನಗೆ ಗೊತ್ತು, ಅದು ಬೇಡ. ನಿನಗೆ ಗೊತ್ತಿಲ್ಲದ್ದು 2024ರ ಬೇಸಿಗೆ. ಪಾಪು ಆಗ ಕೈಗೂಸು, ಪುಣೆಯಲ್ಲಿ ನೀನೊಬ್ಬಳೇ ಒದ್ದಾಡುತ್ತಿದ್ದೆ, ಇದನ್ನೂ ಹೇಳಿ ಚಿಂತೆ ಹಚ್ಚುವುದು ಬೇಡ ಅಂತ ಸುಮ್ಮನಿದ್ದೆ.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಾರ್ಚ್ ಹೊತ್ತಿಗೆ ಬೆಂಗಳೂರಿನಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿದವು, ನಮ್ಮದೂ ಬತ್ತಿತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಸರಿಯಾದ ಆದೇಶವೇ. ಜನ ಕೊಡ ಹಿಡಿದು ಟ್ಯಾಂಕರ್ ಕಾಯುವಾಗ ದಾಸವಾಳಕ್ಕೆ ಕಾವೇರಿ ನೀರು ಹಾಕುವುದು ನ್ಯಾಯ ಅಲ್ಲ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ತೊಳೆದದ್ದು, ಒಂದು ಹನಿಯನ್ನೂ ಸಿಂಕಿಗೆ ಬಿಡಲಿಲ್ಲ. ಅಷ್ಟರಲ್ಲಿ ಎಲ್ಲ ಗಿಡ ಉಳಿಸೋಕಾಗುತ್ತಾ? ಬಸಳೆ ಹೋಯಿತು, ಮಲ್ಲಿಗೆ ಹೋಯಿತು. ಇದ್ದ ನೀರೆಲ್ಲ ಕರಿಬೇವಿಗೆ ಅಂತ ತೀರ್ಮಾನ ಮಾಡಿದೆ. ಬುಡಕ್ಕೆ ಒಣಗಿದ ಎಲೆ ದಪ್ಪಗೆ ಮುಚ್ಚಿ, ಸಂಜೆ ಬಿಸಿಲು ಇಳಿದ ಮೇಲೇ ನೀರು ಹಾಕುತ್ತಿದ್ದೆ.

ಆದರೂ ಎಲೆ ಉದುರಿತು. ಏಪ್ರಿಲ್‌ನಲ್ಲಿ ಒಂದು ಹನಿ ಮಳೆ ಇಲ್ಲ, ಕೊನೇ ವಾರ ಬಿಸಿಲು 38 ಡಿಗ್ರಿ ದಾಟಿತು. ಬೆಂಗಳೂರಿನಲ್ಲಿ! ಗಿಡ ಬರೀ ಕಡ್ಡಿಯಾಗಿ ನಿಂತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಕಾಂಡದ ತೊಗಟೆಯನ್ನು ಉಗುರಿನಿಂದ ಒಂಚೂರು ಗೀರುತ್ತಿದ್ದೆ. ಒಳಗೆ ಹಸಿರು ಕಂಡರೆ ಜೀವ ಇದೆ ಅಂತ. ಮೇಲಿನ ಕೊಂಬೆಗಳಲ್ಲಿ ಗೀರಿದರೆ ಕಂದು ಬಣ್ಣ, ಕೆಳಗೆ ಗೀರಿದರೆ ಹಸಿರು, ಮರುದಿನ ಹಸಿರು ಇನ್ನೂ ಕೆಳಗಿಳಿದಿರುತ್ತಿತ್ತು. ರಾತ್ರಿ ಮಲಗಿದರೆ ಅದೇ ಯೋಚನೆ, ನಾಳೆ ಎಲ್ಲಿಯವರೆಗೆ ಹಸಿರು ಇರುತ್ತೋ, ಇರುತ್ತೋ ಇಲ್ಲವೋ. ಒಂದು ಗಿಡಕ್ಕೆ ಇಷ್ಟೊಂದಾ ಅಂತ ನೀನು ಕೇಳಬಹುದು. ಮನೆಯಲ್ಲಿ ನನ್ನ ಜೊತೆ ಉಸಿರಾಡುತ್ತಿದ್ದದ್ದು ಅದೊಂದೇ ಪುಟ್ಟಿ.

ಮೇ ಮೊದಲ ವಾರ ಮಳೆ ಬಂತು. ಆಮೇಲೆ ಬುಡದ ಹತ್ತಿರ ಕೆಂಚು ಬಣ್ಣದ ಚಿಗುರು ಕಂಡಿತು. ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಸುರಿಯಿತು, ಜೂನ್ ತಿಂಗಳಲ್ಲಿ 133 ವರ್ಷದ ದಾಖಲೆ ಅಂತ ಪೇಪರಿನಲ್ಲಿ ಬಂದಿತ್ತು. ರಸ್ತೆಯೆಲ್ಲ ಹೊಳೆ. ನಮ್ಮ ಹಿತ್ತಲಲ್ಲಿ ಬಿದ್ದ ನೀರು ಬೆಳಗಾಗುವಷ್ಟರಲ್ಲಿ ಇಂಗಿಹೋಗಿತ್ತು. ನಮ್ಮ ಬೀದಿಯಲ್ಲಿ ಇಂಗುವ ಜಾಗ ಇನ್ನೆಷ್ಟು ಉಳಿದಿದೆ ಹೇಳು?

ಈಗ ಆ ಕರಿಬೇವು ಕಿಟಕಿ ದಾಟಿದೆ. ಮೊನ್ನೆ ಅದರಲ್ಲಿ ಚಿಟ್ಟೆ ಹುಳುಗಳು. ಮೊದಲು ಹಕ್ಕಿ ಹಿಕ್ಕೆ ಬಿದ್ದಿದೆಯೇನೋ ಅನ್ನಿಸುತ್ತದೆ, ದೊಡ್ಡದಾದರೆ ಎಲೆಯ ಹಸಿರೇ. ತಿನ್ನಲಿ ಅಂತ ಒಂದು ಕೊಂಬೆ ಬಿಟ್ಟಿದ್ದೇನೆ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಕುಡಿಯುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಬಿತ್ತಿದ್ದೆ, ಎಲೆ ಹಳದಿಯಾಗುವ ರೋಗ ತಡೆಯಲಿ ಅಂತಲೇ ಮಾಡಿದ ತಳಿ ಅದು. ಕಾಯಿ ಎಳೆಯದಾಗಿರುವಾಗಲೇ ಕೀಳಬೇಕು, ಎರಡು ದಿನ ತಡವಾದರೆ ನಾರು. ಪಾಪು ಕಳೆದ ಸಲ ಒಂದನ್ನು ಕಿತ್ತು ಹಸಿಯಾಗೇ ತಿಂದ, ನೆನಪಿದೆಯಾ? ಮನೆಯ ದೊಡ್ಡಪತ್ರೆಯಲ್ಲೇ ತಂಬುಳಿ ಆಗುತ್ತದೆ. ಒಗ್ಗರಣೆ ಸಿಡಿಯುವಾಗ ಹೊರಗೆ ಹೋಗಿ ಒಂದು ಎಸಳು ಕಿತ್ತು ತಂದು ಹಾಕುವ ಖುಷಿ ಇದೆಯಲ್ಲ, ಅದಕ್ಕೆ ನನಗೆ ಬೇರೆ ಯಾವುದೂ ಸಾಟಿಯಿಲ್ಲ.

ನಿನ್ನ ಬಾಲ್ಕನಿಯ ತುಳಸಿ ಸತ್ತಿತು ಅಂದೆ. ನೀರು ಜಾಸ್ತಿ ಆಗಿದೆ. ಮೇಲಿನ ಮಣ್ಣು ಒಣಗಿದಂತೆ ಕಂಡರೆ ಸಾಲದು, ಬೆರಳು ಇಳಿಸಿ ನೋಡು, ಒಳಗೆ ತೇವ ಇದ್ದರೆ ಹಾಕಬೇಡ. ಕುಂಡದ ತೂತು ಮುಚ್ಚಿದೆಯಾ ನೋಡು. ಕದಿರು ಬಂದ ಹಾಗೆ ಚಿವುಟು. ಬೆಳಿಗ್ಗೆ ಕಾಲು ಗಂಟೆ ಗಿಡದ ಹತ್ತಿರ ನಿಲ್ಲು, ಮೊಬೈಲ್ ಒಳಗಿಟ್ಟು. ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ಬೆಳಿಗ್ಗೆ ಏಳೋದು ಹೇಗೆ ಅಂತೀಯ, ಅದನ್ನೇ ನಾನೂ ಕೇಳುತ್ತಿರುವುದು. ನೀನು ಟೀಮಿಗೇ ಹೆಡ್ ಆಗಿದ್ದನ್ನು ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಅಷ್ಟು ಹೆಮ್ಮೆ. ಆದರೆ ನಿನ್ನ ಕಣ್ಣಿನ ಕೆಳಗಿನ ಕಪ್ಪು ವಿಡಿಯೋ ಕಾಲ್‌ನಲ್ಲೂ ಕಾಣುತ್ತದೆ.

ನನ್ನ ವಿಷಯಕ್ಕೆ ಹೀಗೆ ಮಾಡೋಣ. ಒಗೆಯುವ ಕಲ್ಲಿನ ಪಕ್ಕದ ಸಿಮೆಂಟ್ ಒಡೆಸಿ ಒರಟು ಚಪ್ಪಡಿ ಕಲ್ಲು ಹಾಕಿಸುತ್ತೇನೆ, ನಡುವೆ ಮಣ್ಣು ಬಿಟ್ಟು. ಗೋಡೆಗೆ ಹಿಡಿದುಕೊಳ್ಳೋಕೆ ಕಂಬಿ. ಹಿತ್ತಲಿಗೆ ಹೋಗುವಾಗ ಫೋನ್ ಸೊಂಟದ ಚೀಲದಲ್ಲಿ ಇರುತ್ತದೆ, ಮಾತು ಕೊಡುತ್ತೇನೆ. ಕೈ ವಾಸಿಯಾಗುವವರೆಗೆ ಎದುರುಮನೆ ಹುಡುಗಿ ಸಂಜೆ ನೀರು ಹಾಕುತ್ತಾಳೆ. ನೀನು ಕಳಿಸ್ತೀನಿ ಅಂದ ದುಡ್ಡಿನಲ್ಲಿ ಕಲ್ಲಿಗೂ ಕಂಬಿಗೂ ಆಗುವಷ್ಟು ಕಳಿಸು, ತಗೋತೀನಿ. ಭಾನುವಾರ ಮೇಸ್ತ್ರಿಗೆ ಹೇಳಬೇಕು, ಅದಕ್ಕೆ ಮುಂಚೆ ಫೋನ್ ಮಾಡು.

ನಿನ್ನ
ಅಮ್ಮ