ಬೆಳ್ಳಿಹಬ್ಬದ ಪುಸ್ತಕಕ್ಕೆ ಬರೆಯುವ ಮುಂಚೆ

ದಾವಣಗೆರೆ

ಮಗಳೇ,

ಚರ್ಚಿನ ಬೆಳ್ಳಿಹಬ್ಬದ ಸಂಚಿಕೆಗೆ ನಮ್ಮ ಧರ್ಮಕೇಂದ್ರದ, ಅಂದರೆ ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳ, ಇತಿಹಾಸ ಬರೆಯುವ ಕೆಲಸ ನಿನ್ನ ತಲೆಗೆ ಬಿದ್ದಿದೆ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಒಳ್ಳೇದಾಯಿತು. ಆದರೆ ನೀನು ಆಗಲೇ ಫಾದರುಗಳ ಹೆಸರು, ಅವರು ಬಂದ ವರ್ಷ, ಹೋದ ವರ್ಷ ಎಲ್ಲಾ ಪಟ್ಟಿ ಮಾಡಿಕೊಂಡು ಕೂತಿದ್ದೀಯಂತೆ. ಆ ಪಟ್ಟಿ ಇರಲಿ, ಕೊನೇ ಪುಟಕ್ಕೆ ಬೇಕಾಗುತ್ತದೆ. ಅದರಿಂದ ಮಾತ್ರ ಶುರು ಮಾಡಬೇಡ.

ಯಾಕೆ ಅಂತ ಕೇಳು. ಹತ್ತನೇ ವರ್ಷದ ಸಂಚಿಕೆಗೆ ಬರೆದವನು ನಾನೇ. ಬಿಷಪ್ ಸ್ವಾಮಿಗಳು, ಗುರುಗಳು, ಕಟ್ಟಡಕ್ಕೆ ಆದ ಖರ್ಚು, ದಾನ ಕೊಟ್ಟವರ ಹೆಸರು, ಅದೂ ದೊಡ್ಡ ಮೊತ್ತದಿಂದ ಚಿಕ್ಕ ಮೊತ್ತಕ್ಕೆ ಇಳಿಸಿಕೊಂಡು, ನೀಟಾಗಿ ಬರೆದಿದ್ದೆ. ಪುಸ್ತಕ ಹಂಚಿದ ಭಾನುವಾರ ಮೂರನೇ ಕ್ರಾಸಿನ ಅಜ್ಜಿ ಮೆಟ್ಟಿಲ ಮೇಲೆ ಕೂತು ಒಂದೊಂದೇ ಪುಟ ತಿರುವಿದರು. ಕಟ್ಟಡ ಏಳುವ ತನಕ ನಾಲ್ಕು ವರ್ಷ ಪೂಜೆ ನಡೆದಿದ್ದು ಅವರ ಮನೆ ಹಾಲಿನಲ್ಲಿ. ಶನಿವಾರ ರಾತ್ರಿ ಸೋಫಾ, ಟಿ.ವಿ. ಎಲ್ಲಾ ಒಳಗಿನ ರೂಮಿಗೆ ಹೋಗುತ್ತಿತ್ತು. ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿದರೆ ಅದೇ ಪೀಠ. ಪೂಜೆ ಮುಗಿದು ಫಾದರ್ ಅಂಗಿ ಮಡಚಿಡುವಷ್ಟರಲ್ಲಿ ಅದೇ ಮೇಜಿನ ಮೇಲೆ ಉಪ್ಪಿಟ್ಟಿನ ಪಾತ್ರೆ ಬಂದಿರುತ್ತಿತ್ತು. ಅಜ್ಜಿ ಕೊನೇ ಪುಟದ ತನಕ ನೋಡಿ, ಕನ್ನಡಕ ತೆಗೆದು, "ನಮ್ಮನೇಲಿ ನಡೆದ ಪೂಜೆ ಬೇರೆ ಯಾವುದೋ ಊರಿನ ಚರ್ಚಿಂದಿರಬೇಕು ಕಣಪ್ಪ" ಅಂದರು. ಕೋಪ ಏನೂ ಇರಲಿಲ್ಲ. ಈಗ ಅವರಿಲ್ಲ. ನಾನು ತಿದ್ದಿಕೊಳ್ಳುವುದು ಹೇಗೆ ಹೇಳು?

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಜನರ ಹತ್ತಿರ ಹೋಗು. ನಮ್ಮ ಚರ್ಚಿಗೆ ಬರುವವರಲ್ಲಿ ಅಜ್ಜನ ಕಾಲದಿಂದ ಇದೇ ಊರಿನವರು ಎಷ್ಟು ಮನೆ ಇದ್ದಾರೆ? ಬೆರಳಲ್ಲಿ ಎಣಿಸಬಹುದು. ಮಿಕ್ಕವರೆಲ್ಲಾ ಕೆಲಸ ಹುಡುಕಿಕೊಂಡು ಬಂದವರು. ಹತ್ತಿ ಗಿರಣಿಗೆ ಬಂದವರು, ರೈಲ್ವೆಗೆ ಬಂದವರು, 1941ರಲ್ಲಿ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಶುರುವಾದ ಮೇಲೆ ಬಂದವರು, ನಿನ್ನ ತಾತನೂ ಹಾಗೆ ಒಂದು ಟ್ರಂಕ್ ಹಿಡಿದುಕೊಂಡು ಬಂದವರೇ. ಆಮೇಲೆ 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂತು. ನರ್ಸ್‌ಗಳು, ಟೀಚರ್‌ಗಳು ಬಂದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಊರು ಮಾತ್ರ ಬೆಳೆಯುತ್ತಲೇ ಹೋಯಿತು. ಹೊಲ ಸೈಟ್ ಆಯಿತು. ನಾವು ಇಲ್ಲಿ ಮನೆ ಕಟ್ಟಿದಾಗ ಸುತ್ತ ಜೋಳದ ಹೊಲ, ಒಂದು ಬೋರ್‌ವೆಲ್, ಸಂಜೆ ಆರಕ್ಕೆ ಕತ್ತಲು. ಪೂಜೆಗೆ ಊರೊಳಗಿನ ದೊಡ್ಡ ಚರ್ಚಿಗೇ ಹೋಗಬೇಕು. ಭಾನುವಾರ ಸಿಟಿ ಬಸ್ ಸಿಗುತ್ತಿರಲಿಲ್ಲ. ಸೈಕಲ್ಲಿನ ಹಿಂದೆ ನಿಮ್ಮ ದೊಡ್ಡಮ್ಮ, ಮುಂದಿನ ಕಂಬಿ ಮೇಲೆ ಮಗ. ಮಳೆ ಬಂದರೆ ಆ ವಾರ ಪೂಜೆ ಇಲ್ಲ ಅಂತಲೇ ಲೆಕ್ಕ. ಚರ್ಚ್ ಬೇಕು ಅನ್ನುವ ಮಾತು ಹುಟ್ಟಿದ್ದು ಭಕ್ತಿಯಿಂದ ಅಂತ ನೀನು ಬರೆಯುತ್ತೀಯೇನೋ. ಬರಿ, ಆದರೆ ಬಸ್ಸಿನ ವಿಷಯವನ್ನೂ ಬರಿ.

ತಾರೀಖಿನ ವಿಷಯದಲ್ಲಿ ಹುಷಾರು. ಇಲ್ಲಿ ಮೂರು ತಾರೀಖು ಇವೆ, ಜನ ಮೂರನ್ನೂ ಕಲಸಿಬಿಡುತ್ತಾರೆ. ಅಡಿಗಲ್ಲು ಹಾಕಿದ್ದು ಒಂದು, ಕಟ್ಟಡ ಮಂತ್ರಿಸಿದ್ದು ಒಂದು, ಧರ್ಮಕೇಂದ್ರ ಅಂತ ಘೋಷಣೆ ಆಗಿದ್ದು ಇನ್ನೊಂದು. ಗೋಡೆ ಎದ್ದ ಕೂಡಲೇ ಧರ್ಮಕೇಂದ್ರ ಆಗುವುದಿಲ್ಲ. ಅದನ್ನು ಮಾಡುವ ಅಧಿಕಾರ ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ ಮಾತ್ರ, ಅವರೂ ಗುರುಗಳ ಮಂಡಳಿಯನ್ನು ಕೇಳಿಯೇ ಮಾಡಬೇಕು ಅಂತ 1983ರ ಧರ್ಮಸಭೆಯ ಕಾನೂನಿನಲ್ಲಿದೆ. ಅಲ್ಲಿಯ ತನಕ ನಾವು ದೊಡ್ಡ ಚರ್ಚಿನ ಉಪಕೇಂದ್ರ ಅಷ್ಟೇ. ಬೆಳ್ಳಿಹಬ್ಬದ 25 ವರ್ಷವನ್ನು ಯಾವುದರಿಂದ ಎಣಿಸಿದ್ದಾರೆ ಅಂತ ಮೊದಲು ಕೇಳಿಕೋ. ಕಲ್ಲಿನ ಮೇಲೆ ಕೆತ್ತಿದ್ದನ್ನು ನಂಬಬೇಡ, ಘೋಷಣೆಯ ಕಾಗದ ಆಫೀಸಿನ ಬೀರುವಿನಲ್ಲಿ ಇರುತ್ತದೆ, ಅದನ್ನೇ ನೋಡು. ಬಿಷಪ್ಪರ ಆಡಳಿತಕ್ಕೆ ಸೇರಿದ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ ಹುಟ್ಟಿದ್ದೇ 1988ರ ನವೆಂಬರ್ 14ಕ್ಕೆ, ಅದಕ್ಕಿಂತ ಹಳೇ ಕಾಗದಗಳನ್ನು ಶಿವಮೊಗ್ಗದಲ್ಲಿ ಮಾತ್ರ ಹುಡುಕುತ್ತಾ ಕೂರಬೇಡ. ಇನ್ನೊಂದು, ಹಳೇ ಸರ್ಟಿಫಿಕೇಟುಗಳಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ಇದ್ದರೆ ಬೇರೆ ಊರಿನದು ಅಂತ ಪಕ್ಕಕ್ಕಿಡಬೇಡ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ.

ಧರ್ಮಕೇಂದ್ರ ಆದ ದಿನದಿಂದ ನಮಗೆ ನಮ್ಮದೇ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್ ಬಂತು. ಅದನ್ನು ಫಾದರ್ ಅಪ್ಪಣೆ ತಗೊಂಡು, ಅವರ ಎದುರೇ ಕೂತು ನೋಡು. ಉದ್ದನೇ ಪುಸ್ತಕ. ಮಗುವಿನ ಹೆಸರು, ಅಪ್ಪ ಅಮ್ಮ, ಜ್ಞಾನ ತಂದೆ ತಾಯಿ (ಗಾಡ್‌ಪೇರೆಂಟ್ಸ್), ಗುರುಗಳ ಸಹಿ. ಬಲಗಡೆ ಕೊನೇ ಕಾಲಂ ಮೊದಮೊದಲು ಖಾಲಿ ಇರುತ್ತದೆ. ಆ ಮಗು ದೊಡ್ಡದಾಗಿ ದೃಢೀಕರಣದ ಸಂಸ್ಕಾರ (ಕನ್ಫರ್ಮೇಶನ್) ಆದರೆ ಅಲ್ಲಿ ಬರೆಯುತ್ತಾರೆ, ಮದುವೆ ಎಲ್ಲಿ ಆದರೂ ಅಲ್ಲಿಂದ ಸುದ್ದಿ ಬಂದು ಇದೇ ಸಾಲಿನ ಪಕ್ಕ ಬೇರೆ ಇಂಕಿನಲ್ಲಿ, ಬೇರೆ ಕೈಬರಹದಲ್ಲಿ ಕೂರುತ್ತದೆ. ನಾನು ಒಂದು ಸಲ ಮೊದಲ ಹತ್ತು ಪುಟದ ಆ ಕಾಲಂ ಓದಿದೆ. ಬೆಂಗಳೂರು, ಮಂಗಳೂರು, ಮುಂಬೈ, ಹುಬ್ಬಳ್ಳಿ. ನಾವು ಸೈಟ್ ತಗೊಂಡು ಬೇರು ಬಿಟ್ಟೆವು ಅಂದುಕೊಂಡೆವು, ಮಕ್ಕಳು ಮತ್ತೆ ಟ್ರಂಕ್ ಎತ್ತಿಕೊಂಡರು. ವರ್ಷಕ್ಕೆ ಎಷ್ಟು ದೀಕ್ಷಾಸ್ನಾನ ಅಂತ ಎಣಿಸಿ ಬರಿ, ಚರ್ಚ್ ಯಾವಾಗ ಬೆಳೆಯಿತು ಅಂತ ಅದೇ ಹೇಳುತ್ತದೆ. ಆದರೆ ಅಲ್ಲಿ ಕಣ್ಣಿಗೆ ಬಿದ್ದ ಮನೆ ವಿಷಯಗಳನ್ನು ಅಲ್ಲೇ ಬಿಟ್ಟು ಬಾ. ಅಪ್ಪನ ಹೆಸರಿನ ಜಾಗ ಖಾಲಿ ಇರುವ ಸಾಲುಗಳೂ ಇವೆ. ಅದು ಪುಸ್ತಕಕ್ಕೆ ಹೋಗುವ ಸರಕಲ್ಲ, ನಿಮ್ಮಮ್ಮನ ಕಿವಿಗೂ ಹೋಗಬಾರದು.

ಜಗಳಗಳನ್ನು ಬಿಡಬೇಡ. ಬಿಡಿಸಲು ನೋಡುತ್ತಾರೆ, ಚರ್ಚಿನ ಪಾಲನಾ ಸಮಿತಿಯವರಿಗೆ ಹಬ್ಬದ ಪುಸ್ತಕದಲ್ಲಿ ಜಗಳ ಯಾಕೆ ಅನ್ನಿಸುತ್ತದೆ. ನಮ್ಮಲ್ಲಿ ದೊಡ್ಡ ಜಗಳ ಅಂದರೆ ಭಾಷೆಯದು. ನಾನು ಹರಿಹರದಲ್ಲಿ ಪೂಜೆಯಲ್ಲಿ ಫಾದರ್‌ಗೆ ನೆರವಾಗುವ ಪೀಠದ ಹುಡುಗನಾಗಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ. ಫಾದರ್ ನಮಗೆ ಬೆನ್ನು ಮಾಡಿ "ದೋಮಿನುಸ್ ವೊಬಿಸ್ಕುಮ್" ಅಂದರೆ ನಾವು ಅರ್ಥ ಗೊತ್ತಿಲ್ಲದೆ "ಎತ್ ಕುಮ್ ಸ್ಪಿರಿತು ತುವೊ" ಅಂತ ಗಟ್ಟಿಯಾಗಿ ಕೂಗುತ್ತಿದ್ದೆವು. ಯಾರಿಗೂ ಅರ್ಥ ಆಗುತ್ತಿರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ! ಲೋಕದ ಬಿಷಪ್‌ಗಳೆಲ್ಲಾ ಸೇರಿದ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಜನರ ಭಾಷೆಗೆ ಬಾಗಿಲು ತೆಗೆಯಿತು. ಜನರ ಭಾಷೆ ಸರಿ, ಯಾವ ಜನರದು? ಮನೆಯಲ್ಲಿ ತಮಿಳು ಮಾತಾಡುವವರು, ಕೊಂಕಣಿಯವರು, ತೆಲುಗಿನವರು, ಮಲಯಾಳಿಗಳು, ಕನ್ನಡದವರು, ಎಲ್ಲಾ ಒಂದೇ ಬೆಂಚಿನಲ್ಲಿ. ಒಂದು ಕ್ರಿಸ್ಮಸ್ ರಾತ್ರಿ ಗೋದಲಿ (ಬಾಲಯೇಸು ಮಲಗಿದ ಕೊಟ್ಟಿಗೆಯ ಗೊಂಬೆಗಳು) ಮುಂದೆ ಯಾವ ಹಾಡು ಮೊದಲು ಅಂತ ಶುರುವಾಗಿ, ಹಾರ್ಮೋನಿಯಂ ಬಾರಿಸುವವರು ಪೆಟ್ಟಿಗೆ ಮುಚ್ಚಿ ಮನೆಗೆ ಹೋದರು. ಆ ವರ್ಷ ಹಾರ್ಮೋನಿಯಂ ಇಲ್ಲದೆ ಕ್ರಿಸ್ಮಸ್ ಆಯಿತು. ಸರಿ ಹೋಗಿದ್ದು ಸೆಪ್ಟೆಂಬರಿನಲ್ಲಿ. 8ಕ್ಕೆ ಆರೋಗ್ಯಮಾತೆ ಹಬ್ಬಕ್ಕೆ ಹರಿಹರಕ್ಕೆ ನಡೆದು ಹೋಗುವಾಗ, ರಾತ್ರಿ ಬಾತಿ ಗುಡ್ಡದ ಹತ್ತಿರ ಟೀ ಕುಡಿಯಲು ನಿಂತಾಗ, ಆ ಹಾರ್ಮೋನಿಯಂನವರೇ ತಮಿಳಿನಲ್ಲಿ ಒಂದು ಹಾಡು ಎತ್ತಿದರು. ಕೊಂಕಣಿಯವರು ಜಪಸರ ನಿಲ್ಲಿಸಿ ಚಪ್ಪಾಳೆ ಹಾಕಿದರು. ಪೂಜೆ ಕನ್ನಡದಲ್ಲಿ, ಹಾಡಿನಲ್ಲಿ ಒಂದೊಂದು ಚರಣ ಒಂದೊಂದು ಭಾಷೆ ಅಂತ ತೀರ್ಮಾನ ಆಗಿದ್ದು ಅದಾದ ಮೇಲೆ. ನನ್ನ ಸಂಚಿಕೆಯಲ್ಲಿ ಇದರ ಒಂದು ಸಾಲೂ ಇಲ್ಲ, "ಎಲ್ಲರೂ ಅನ್ಯೋನ್ಯವಾಗಿದ್ದಾರೆ" ಅಂತಿದೆ.

ಇದನ್ನೆಲ್ಲಾ ಬರೆಯಲು ಒಂದು ವಾರ ಸಾಲದು ಅಂತ ಫಾದರ್‌ಗೆ ನೀನೇ ಹೇಳು, ಅವರು ಒಪ್ಪುತ್ತಾರೆ. ಭಾನುವಾರ ಎರಡನೇ ಪೂಜೆ ಆದ ಮೇಲೆ ನನ್ನ ಜೊತೆ ಬಾ. ಚರ್ಚ್ ಕಟ್ಟಿದ ಮೇಸ್ತ್ರಿ ಇನ್ನೂ ಇದ್ದಾರೆ, ಆವರಗೆರೆ ಕಡೆ ಮಗನ ಮನೆಯಲ್ಲಿ. ನಮ್ಮ ಧರ್ಮದವರಲ್ಲ, ಆದರೂ ಗಂಟೆಗೋಪುರಕ್ಕೆ ದುಡ್ಡು ಮುಗಿದಾಗ ಒಂದು ತಿಂಗಳು ಕೂಲಿ ಬಿಟ್ಟವರು ಅವರೇ, ದಾನಿಗಳ ಪಟ್ಟಿಯಲ್ಲಿ ಇಲ್ಲ. ಫೋನ್ ಹಿಡಿದು ರೆಕಾರ್ಡ್ ಮಾಡಬೇಡ, ಮಾತು ನಿಲ್ಲಿಸಿಬಿಡುತ್ತಾರೆ, ಒಂದು ನೋಟ್‌ಬುಕ್ ತಾ. ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕೂತುಕೋ.

ನಿನ್ನ ದೊಡ್ಡಪ್ಪ