ಮೂತ್ರಪಿಂಡದ ಸಂಶೋಧನೆಯಲ್ಲಿರುವ ತಮ್ಮನ ಮಗಳಿಗೆ

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ. ನಿನ್ನ ಎಚ್-ಇಂಡೆಕ್ಸ್ ಮೂರಕ್ಕೆ ನಿಂತಿದೆ (ಬೇರೆಯವರು ಕನಿಷ್ಠ ಮೂರು ಸಲ ಉಲ್ಲೇಖಿಸಿದ ಪ್ರಬಂಧಗಳು ಮೂರಿವೆ ಎಂದರ್ಥ), ಜೊತೆಗೆ ಸೇರಿದ ಗೆಳತಿಯದು ಕ್ಯಾನ್ಸರ್ ವಿಭಾಗದಲ್ಲಿ ಒಂಬತ್ತಾಗಿದೆ, ಮೂತ್ರಪಿಂಡದ ನಾಳಗಳನ್ನು ಬಿಟ್ಟು ಅತ್ತ ಹೋಗಲೇ ಎಂದು ಕೇಳಿದ್ದೀಯೆ. ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿದವನಾದರೂ ಉತ್ತರ ಬರೆಯಲು ನನಗೆ ಒಂದು ವಾರ ಹಿಡಿಯಿತು.

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಮೂತ್ರಪಿಂಡದ ಸಂಶೋಧನೆ ಮಾಡಿದ ಕಾರ್ಲ್ ಗಾಟ್ಸ್‌ಚಾಕ್ ಅವರ ಹೆಸರನ್ನು ನೀನು ಓದಿಯೇ ಇರುತ್ತೀಯೆ. ಅವರ ಕೆಲಸ ಹೇಗೆ ಕೈಗೂಡಿತೆಂಬುದನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದಿಲ್ಲ. ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುವ ಮೂತ್ರಪಿಂಡಗಳು, ನೀರು ಸಾಲದಾದಾಗ ಮೂತ್ರವನ್ನು ರಕ್ತಕ್ಕಿಂತ ನಾಲ್ಕು ಪಟ್ಟು ಗಾಢವಾಗಿಸುವುದು ಹೇಗೆಂಬ ಪ್ರಶ್ನೆಗೆ ಬಾಸೆಲ್‌ನ ಭೌತರಸಾಯನ ವಿಜ್ಞಾನಿ ವರ್ನರ್ ಕೂನ್ 1942ರಲ್ಲೇ ಒಂದು ಉತ್ತರ ಸೂಚಿಸಿದ್ದರು. ಮೂತ್ರಪಿಂಡದ ನಾಳ ಒಳಕ್ಕಿಳಿದು ಮತ್ತೆ ಮೇಲೇರುವ ಹೆನ್ಲೆ ಕುಣಿಕೆಯ ಎರಡು ಕಾಲುಗಳಲ್ಲಿ ದ್ರವ ಎದುರುಬದುರಾಗಿ ಹರಿಯುವುದರಿಂದ, ಪಕ್ಕಪಕ್ಕದ ಗಾಢತೆಯ ಸಣ್ಣ ವ್ಯತ್ಯಾಸವೇ ಉದ್ದಕ್ಕೂ ಗುಣಿಸುತ್ತ ದೊಡ್ಡದಾಗುತ್ತದೆ ಎಂಬುದು ಅವರ ವಾದ. ಯುದ್ಧದ ನಡುವೆ, ಜರ್ಮನ್ ಭಾಷೆಯಲ್ಲಿ ಬಂದ ಆ ಲೇಖನವನ್ನು ಅಮೆರಿಕದವರು ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1951ರಲ್ಲಿ ವಿರ್ಟ್ಸ್, ಹಾರ್ಗಿಟೈ ಮತ್ತು ಕೂನ್ ಇಲಿಯ ಮೂತ್ರಪಿಂಡವನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ಮೆಲ್ಲನೆ ಬೆಚ್ಚಗಾಗಿಸುತ್ತ, ಹಿಮದ ಹರಳುಗಳು ಎಲ್ಲಿ ಮೊದಲು ಕರಗುತ್ತವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. (ಕೈಯಲ್ಲಿ ತಿರುಗಿಸುವ ಐಸ್‌ಕ್ರೀಮ್ ಡಬ್ಬಿಯ ಸುತ್ತ ಮಂಜುಗಡ್ಡೆಗೆ ಉಪ್ಪು ಸುರಿಯುವುದನ್ನು ನಾನೂ ನಿನ್ನ ಅಪ್ಪನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು; ಉಪ್ಪು ಹೆಚ್ಚಿದ್ದಲ್ಲಿ ಮಂಜು ಬೇಗ ಕರಗುತ್ತದೆ, ತತ್ವ ಅದೇ.) ಒಳಗಿನ ತುದಿಯತ್ತ ಹೋದಂತೆಲ್ಲ ಹಿಮ ಬೇಗ ಕರಗುತ್ತಿತ್ತು, ಅಂದರೆ ಅಲ್ಲಿ ಗಾಢತೆ ಹೆಚ್ಚಿತ್ತು. ಅಷ್ಟಾದರೂ ಅನುಮಾನ ಹೋಗಲಿಲ್ಲ.

ಗಾಟ್ಸ್‌ಚಾಕ್ ಮತ್ತು ಮಾರ್ಗರೆಟ್ ಮಿಲ್ಲೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಜೀವಂತ ಮೂಷಿಕಗಳ ಒಂದೊಂದೇ ನಾಳವನ್ನು ಚುಚ್ಚಿ, ಕಣ್ಣಿಗೆ ಕಾಣದಷ್ಟು ದ್ರವ ತೆಗೆದು ಅಳೆದರು. ಕುಣಿಕೆಯ ತುದಿ, ಪಕ್ಕದ ರಕ್ತನಾಳ, ಮೂತ್ರವನ್ನು ಕೊನೆಗೆ ಒಯ್ಯುವ ಸಂಗ್ರಹನಾಳ, ಮೂರರಲ್ಲೂ ಒಂದೇ ಮಟ್ಟದಲ್ಲಿ ಒಂದೇ ಗಾಢತೆಯಿತ್ತು. ಕುಣಿಕೆಯನ್ನು ದಾಟಿದ ಕೂಡಲೇ ಸಿಕ್ಕ ದ್ರವವಾದರೋ ರಕ್ತಕ್ಕಿಂತ ತೆಳುವಾಗಿತ್ತು. ಗಾಢ ಮೂತ್ರ ತಯಾರಾಗುತ್ತಿರುವಾಗಲೂ ಅಲ್ಲಿ ತೆಳುವೇ! ಏರುವ ಕಾಲು ನೀರನ್ನು ಒಳಗುಳಿಸಿಕೊಂಡು ಲವಣವನ್ನಷ್ಟೇ ಹೊರಹಾಕದಿದ್ದರೆ ಹೀಗಾಗದು. 1958ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಚಿಕ್ಕ ವರದಿ, 1959ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಯಾಲಜಿಯಲ್ಲಿ ಪೂರ್ಣ ಪ್ರಬಂಧ. ಆ ಕ್ಷೇತ್ರದ ಹಿರಿಯರಾದ ಹೋಮರ್ ಸ್ಮಿತ್, ಅಲ್ಲಿಯವರೆಗೆ ಒಲ್ಲದ ಮನಸ್ಸಿನವರಾಗಿದ್ದರೂ, ಅದೇ ವರ್ಷ ಒಪ್ಪಿಕೊಂಡರು.

ಈಗ ನಿನ್ನ ಅಂಕಿಗಳಿಗೆ ಬರೋಣ. ಒಂದು ಪತ್ರಿಕೆಯ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖಗೊಂಡವೆಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡು ವರ್ಷಗಳ ಲೇಖನಗಳನ್ನು. ಕೂನರ ಲೇಖನದ ತೂಕ ಜಗತ್ತಿಗೆ ತಿಳಿಯಲು ಹದಿನಾರು ವರ್ಷ ಹಿಡಿಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಎಚ್-ಇಂಡೆಕ್ಸಿನಲ್ಲಿ ಸಾವಿರ ಸಲ ಉಲ್ಲೇಖಗೊಂಡ ಪ್ರಬಂಧವೂ ಒಂದೇ, ಹತ್ತು ಸಲದ್ದೂ ಒಂದೇ. ಕ್ಯಾನ್ಸರ್ ಕ್ಷೇತ್ರದಲ್ಲಿ ಬರೆಯುವವರೇ ಹೆಚ್ಚು, ಆದ್ದರಿಂದ ಉಲ್ಲೇಖಿಸುವವರೂ ಹೆಚ್ಚು. ಹಾಗೆಂದು ನೇಮಕಾತಿ ಸಮಿತಿಯವರು ಅಂಕಿ ನೋಡುವುದಿಲ್ಲವೆಂದು ಸುಳ್ಳು ಹೇಳಲಾರೆ. ಅರ್ಜಿಯಲ್ಲಿ ಪ್ರತಿ ಪ್ರಬಂಧದ ಕೆಳಗೆ, ಅದರಿಂದ ಯಾವ ಪ್ರಶ್ನೆ ಬಗೆಹರಿಯಿತೆಂದು ಎರಡು ಸಾಲು ಬರೆ. ಬಗೆಹರಿಯದೆ ಉಳಿದದ್ದನ್ನೂ ಮುಚ್ಚಿಡಬೇಡ.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಬಡ್ತಿಗೆ ಪ್ರಬಂಧಗಳ ಸಂಖ್ಯೆ ಸಾಲದೆಂದು ತಿಳಿದಾಗ ನಾನು ಒಂದೇ ಪ್ರಯೋಗವನ್ನು ಮೂರು ತುಂಡು ಮಾಡಿ, ಸೋಡಿಯಂ ಒಂದರಲ್ಲಿ, ಪೊಟ್ಯಾಸಿಯಂ ಇನ್ನೊಂದರಲ್ಲಿ, ಮೂತ್ರದ ಪ್ರಮಾಣ ಮತ್ತೊಂದರಲ್ಲಿ ಅಚ್ಚು ಹಾಕಿಸಿದೆ. ಬಡ್ತಿ ಬಂತು. ಮೂರನ್ನೂ ಜೋಡಿಸಿ ಓದಿದರೆ ಮಾತ್ರ ಅರ್ಥವಾಗುವ ಆ ಲೇಖನಗಳನ್ನು ಜೋಡಿಸಿ ಓದಿದವರು ಯಾರೂ ಇಲ್ಲ; ರೀಪ್ರಿಂಟುಗಳ ಕಟ್ಟು ಅಟ್ಟದ ಮೇಲೆ ದಾರ ಬಿಚ್ಚದೆ ಹಾಗೇ ಕುಳಿತಿದೆ.

ಗಾಟ್ಸ್‌ಚಾಕ್ ಅಧ್ಯಕ್ಷರಾಗಿದ್ದ ಸಮಿತಿ 1967ರಲ್ಲಿ, ಮೂತ್ರಪಿಂಡ ಸೋತವರ ಡಯಾಲಿಸಿಸ್ ಮತ್ತು ಕಸಿಯ ವೆಚ್ಚವನ್ನು ಸರ್ಕಾರ ಹೊರಬೇಕೆಂದು ವರದಿ ಕೊಟ್ಟಿತು; 1972ರಲ್ಲಿ ಅಮೆರಿಕ ಅದಕ್ಕೆ ಕಾನೂನು ಮಾಡಿತು. ಅದು ಯಾವ ಇಂಡೆಕ್ಸಿಗೂ ಸೇರಿಲ್ಲ.

ಕ್ಯಾನ್ಸರಿನ ಪ್ರಶ್ನೆಯೇ ನಿನ್ನನ್ನು ಕಾಡುತ್ತಿದ್ದರೆ ಹೋಗು, ನಾನು ತಡೆಯುವುದಿಲ್ಲ; ಒಂಬತ್ತೆಂಬ ಅಂಕಿಗಾಗಿ ಮಾತ್ರ ಹೋಗಬೇಡ. ಗೌರಿ ಹಬ್ಬಕ್ಕೆ ಬರುವಾಗ ಪ್ರಯೋಗದ ನೋಟ್‌ಬುಕ್ ಮರೆಯದೆ ತಾ. ಮಿಕ್ಕವುಗಳ ಜೊತೆ ಹೊಂದದ ಆರು ಅಳತೆಗಳನ್ನು ಸೂಜಿ ತಪ್ಪಿರಬೇಕೆಂದು ಕೈಬಿಟ್ಟೆನೆಂದು ಬರೆದಿದ್ದೆಯಲ್ಲ, ಆ ಪುಟಗಳನ್ನು ಹರಿಯಬೇಡ. ಇಬ್ಬರೂ ಕುಳಿತು ನೋಡೋಣ.

ಇಂತು,
ನಿನ್ನ ದೊಡ್ಡಪ್ಪ